ಹಾಡಬೇಡ, ಹೇಳು

ನಾಟಕ ವಿಭಾಗಕ್ಕೆ ಸೇರಲು ಅರಸೀಕೆರೆಯಿಂದ ಮೈಸೂರಿನ ರೈಲು ಹತ್ತಿದಾಗ ನನ್ನ ಬ್ಯಾಗಿನಲ್ಲಿ ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆಯ ಸರ್ಟಿಫಿಕೇಟು ಇತ್ತು. ಜೊತೆಗೆ ಒಂದು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ಇವೆರಡಿದ್ದರೆ ರಂಗಸಂಗೀತದ ಪೇಪರು ಪಾಸಾದ ಹಾಗೇ ಅಂದುಕೊಂಡಿದ್ದೆ.

ಈ ಹುಚ್ಚು ಹಿಡಿದದ್ದು 2010ರಲ್ಲಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಮೈಸೂರಿನ ನಾಟಕಸಂಸ್ಥೆ ರಂಗಾಯಣದ ಅಂಗಳದಲ್ಲಿ ರಾತ್ರಿಯಿಡೀ ನಡೆಯುತ್ತದೆ ಅಂತ ಕೇಳಿ ಚಿಕ್ಕಪ್ಪನ ಜೊತೆ ಹೋಗಿದ್ದೆ. ಸುಮಾರು ಒಂಬತ್ತು ಗಂಟೆಯ ನಾಟಕ. ನಾವೂ ಎದ್ದು ಒಂದು ರಂಗದಿಂದ ಇನ್ನೊಂದಕ್ಕೆ ನಡೆಯಬೇಕು. ನಟರು ಓಡುತ್ತಾರೆ, ಜಗಳ ಆಡುತ್ತಾರೆ, ಹಾಗೇ ಹಾಡುತ್ತಾರೆ. ಚಿಕ್ಕಪ್ಪ ಎರಡು ಗಂಟೆಗೇ ನಿದ್ದೆ ಹೋದರು. ನನಗೆ ಬೆಳಗಿನವರೆಗೂ ಒಂದೇ ಯೋಚನೆ, ಇವರಿಗೆ ಉಸಿರು ಎಲ್ಲಿಂದ ಬರುತ್ತೆ?

ನಮ್ಮ ವರ್ಷಕ್ಕೆ ಕವಿ ಪು.ತಿ.ನ. ಅವರ ಗೀತನಾಟಕ 'ಗೋಕುಲ ನಿರ್ಗಮನ' ಬಂತು. ಕೃಷ್ಣ ಗೋಕುಲ ಬಿಟ್ಟು ಮಧುರೆಗೆ ಹೊರಡುತ್ತಾನೆ, ಕಥೆ ಅಷ್ಟೇ. ಉಳಿದದ್ದೆಲ್ಲ ಹಾಡು. ದೊಡ್ಡ ರಂಗನಿರ್ದೇಶಕ ಬಿ.ವಿ. ಕಾರಂತರು ಇದನ್ನು ರಂಗಕ್ಕೆ ತಂದಿದ್ದರು ಅನ್ನುವ ಭಯ ಬೇರೆ. ನಾನು ಗೋಪಿಯರಲ್ಲಿ ಒಬ್ಬಳು. ಮೊದಲ ದಿನ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕಿಕೊಂಡು ಹಾಡಿದೆ. ಸಂಗೀತದ ಮೇಷ್ಟ್ರು ಬಂದು ಶ್ರುತಿ ಪೆಟ್ಟಿಗೆಯ ಸ್ವಿಚ್ ಆರಿಸಿದರು.

"ಚೆನ್ನಾಗಿ ಹಾಡ್ತೀಯಮ್ಮ. ಆದ್ರೆ ಕಣ್ಣು ಮುಚ್ಕೊಂಡು ಯಾರನ್ನ ತಡೀತಾ ಇದೀಯ? ಹಾಡಬೇಡ, ಹೇಳು."

ಹತ್ತು ದಿನ ರಾಗವೇ ಇಲ್ಲ. ಬರೀ ಸಾಹಿತ್ಯ. "ನಿಮ್ಮಣ್ಣ ಕೆಲಸಕ್ಕೆ ಅಂತ ಊರು ಬಿಡ್ತಿದಾನೆ ಅಂದ್ಕೋ. ಬಸ್ಸು ಹತ್ತಿದಾನೆ. ಕಂಡಕ್ಟರ್ ಸೀಟಿ ಊದಿದ. ಈಗ ಹೇಳು." ನನಗೆ ಅಣ್ಣ ಇಲ್ಲ. ಆದರೂ ಹೇಳಿದೆ. ಹೇಳುತ್ತಾ ಹೇಳುತ್ತಾ ಸಾಲು ನಡುವೆಯೇ ಕಡಿಯಿತು. ಹಾಡುವಾಗ ನಾನು ಎಂದೂ ಉಸಿರು ತೆಗೆದುಕೊಳ್ಳದ ಜಾಗ ಅದು. ಹನ್ನೊಂದನೇ ದಿನ ರಾಗ ವಾಪಸ್ ಬಂತು. ನನ್ನ ಗಮಕಗಳಲ್ಲಿ, ಅಂದರೆ ಸ್ವರದ ಓಲಾಟಗಳಲ್ಲಿ, ಅರ್ಧ ಉದುರಿಹೋಗಿದ್ದವು. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು. ಎಂಟು ವರ್ಷ ಕಲಿತದ್ದು ಅಲ್ವಾ?

ಆಮೇಲೆ ಒಂದು ಭಾನುವಾರ ಎಲ್ಲರನ್ನೂ ಮೇಲುಕೋಟೆಗೆ ಕರೆದುಕೊಂಡು ಹೋದರು. ಪು.ತಿ.ನ. ಅವರ ಊರು, ಅವರ ಮನೆ ನೋಡೋಣ ಅಂತ ನಾವು ಖುಷಿಯಾಗಿ ಹೊರಟೆವು. ಮನೆ ನೋಡಿದ್ದು ಕಾಲು ಗಂಟೆ. ಉಳಿದ ಹೊತ್ತೆಲ್ಲ ಯೋಗನರಸಿಂಹನ ಬೆಟ್ಟದ ಮೆಟ್ಟಿಲಿನ ಮೇಲೆ. ಹತ್ತುತ್ತಾ ಹಾಡಬೇಕು, ಸಾಲು ಮುಗಿಯುವವರೆಗೆ ಕಾಲು ನಿಲ್ಲಿಸುವಂತಿಲ್ಲ. ಬೆಟ್ಟಕ್ಕೆ ಬಂದಿದ್ದ ಒಬ್ಬ ಅಜ್ಜಿ ನಮ್ಮನ್ನು ಹರಕೆ ಹೊತ್ತವರು ಅಂತ ತಿಳಿದು ಕೈ ಮುಗಿದರು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ನನಗೆ ಗೊತ್ತಾಯಿತು, ನಾನು ಇಷ್ಟು ವರ್ಷ ಉಸಿರಾಡುತ್ತಿದ್ದದ್ದು ಹೆಗಲಿನಿಂದ. ಕೆಳಗಿಳಿದು ತಿಂದ ಪುಳಿಯೋಗರೆಯ ರುಚಿ ಇನ್ನೂ ಬಾಯಲ್ಲಿದೆ.

ಥಿಯರಿ ಕ್ಲಾಸಿನ ನೆನಪು ಕಡಿಮೆ. ಆದರೆ ಕಂಪನಿ ನಾಟಕದ ಪಾಠ ಮರೆತಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಕಾಲಕ್ಕೆ ಮೈಕು ಎಲ್ಲಿತ್ತು? ಹಿಂದಿನ ಸಾಲಿನ ನೆಲದ ಟಿಕೆಟ್ಟಿನವನಿಗೂ ಮಾತು ಕೇಳಬೇಕು. ಅದಕ್ಕೇ ಆ ಏರು ಶ್ರುತಿ. ರಾಜ್‌ಕುಮಾರ್ ಹಾಡಿನಲ್ಲಿ ಒಂದಕ್ಷರವೂ ನುಂಗಿಹೋಗುವುದಿಲ್ಲ, ಅದು ಗುಬ್ಬಿ ಕಂಪನಿಯ ತಾಲೀಮು ಅನ್ನುತ್ತಿದ್ದರು ಮೇಷ್ಟ್ರು. ಕಾರಂತರೂ ಹುಡುಗರಿದ್ದಾಗ ಮನೆ ಬಿಟ್ಟು ಓಡಿ ಸೇರಿದ್ದು ಅದೇ ಕಂಪನಿಗೆ. ಮುಂದೆ ಅವರನ್ನು ಬನಾರಸಿಗೆ ಓದಲು ಕಳಿಸಿದ್ದೂ ಗುಬ್ಬಿ ವೀರಣ್ಣನವರೇ.

ಈ ಪಾಠಕ್ಕೆಲ್ಲ ಇದ್ದದ್ದು ಒಂದು ಹಳೆಯ ಹಾರ್ಮೋನಿಯಂ. ಕಾಲಲ್ಲಿ ಒತ್ತುವಂಥದ್ದು. ಅದರ ಒಂದು ಬಿಳಿ ಮನೆ ಒತ್ತಿದರೆ ಮೇಲೇಳುತ್ತಲೇ ಇರಲಿಲ್ಲ. ಮೇಷ್ಟ್ರು ಬಸ್ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಸಂದಿಗೆ ತುರುಕುತ್ತಿದ್ದರು. ಒಂದು ಟಿಕೆಟ್ಟಿಗೆ ಎರಡು ದಿನ ಬಾಳಿಕೆ. ಯಾರು ಬಸ್ಸಿನಲ್ಲಿ ಬಂದರೂ ಮೊದಲು ಟಿಕೆಟ್ ಅವರ ಕೈಗೆ ಕೊಡಬೇಕಿತ್ತು.

ನಮ್ಮ ಪ್ರಯೋಗ ನಡೆದದ್ದು ಜನವರಿಯಲ್ಲಿ, ರಂಗಾಯಣದ ವನರಂಗದಲ್ಲಿ. ಬಯಲು, ಚಳಿ. ಹಿಂದಿನ ದಿನ ಕೊನೆಯ ತಾಲೀಮಿನಲ್ಲಿ ಸುಮ್ನೆ ಉತ್ಸಾಹಕ್ಕೆ ಕಿರುಚಿದ್ದೆ. ನನ್ನ ಸಾಲು ಬಂತು. ಮೇಲಿನ ಷಡ್ಜಕ್ಕೆ, ಎತ್ತರದ 'ಸ' ಸ್ವರಕ್ಕೆ, ಬಾಯಿ ತೆರೆದೆ, ಬರೀ ಗಾಳಿ. ಏನು ಮಾಡಬೇಕು ಅಂತ ಯೋಚಿಸಲು ಹೊತ್ತೇ ಇರಲಿಲ್ಲ. ಸಾಲನ್ನು ಮಾತಿನಲ್ಲೇ ಹೇಳಿಬಿಟ್ಟೆ. ಪಕ್ಕದ ಗೋಪಿಯರು ಅದನ್ನೇ ಎತ್ತಿಕೊಂಡು ಹಾಡಿದರು. ಜನಕ್ಕೆ ಅದೇ ಪದ್ಧತಿ ಅನ್ನಿಸಿರಬೇಕು. ಆ ಧೈರ್ಯದಲ್ಲಿ ಮುಂದಿನ ಸಾಲಿಗೆ ನಾನೂ ಸೇರಿಕೊಂಡೆ, ಪೂರ್ತಿ ಅಪಸ್ವರ! ಬಣ್ಣ ಒರೆಸುತ್ತಿದ್ದಾಗ ಮೇಷ್ಟ್ರು ಬಂದರು. ಹೊಗಳಬಹುದು ಅಂತ ಕಾದೆ. "ನಾಳೆಯಿಂದ ಮಫ್ಲರ್ ಸುತ್ಕೊಂಡ್ ಬಾ," ಅಂದು ಹೋದರು.

ಓದು ಮುಗಿದು ವರ್ಷಗಳಾದವು. ನಾಟಕಗಳ ಮೇಳದಲ್ಲಿ ಹಾಡುತ್ತೇನೆ, ಪಾತ್ರ ಮಾಡುತ್ತೇನೆ. ಬೇಸಿಗೆಯಲ್ಲಿ ಮಕ್ಕಳ ಶಿಬಿರ. ನಡುನಡುವೆ ಸೀರಿಯಲ್ ಡಬ್ಬಿಂಗ್, ಮನೆ ಬಾಡಿಗೆ ಹೋಗುವುದು ಅದರಿಂದಲೇ. ಕಾಲೇಜಿನಲ್ಲಿ ಉಸಿರು ಕಲಿತೆ, ಸಂಭಾವನೆ ಕೇಳುವುದನ್ನು ಮಾತ್ರ ಬೀದಿಯಲ್ಲಿ ಕಲಿತೆ. ಒಂದು ತಂಡದವರ ಜೊತೆ ಹದಿನಾಲ್ಕು ಷೋ ಮಾಡಿ ಕೈಗೆ ಸಿಕ್ಕಿದ್ದು ಒಂದು ಶಾಲು. ಈಗ ಮೊದಲೇ ಕೇಳುತ್ತೇನೆ. ಎಷ್ಟು ದಿನ ತಾಲೀಮು, ಎಷ್ಟು ಷೋ, ರಾತ್ರಿ ಊಟ ಯಾರದು, ಬಸ್ ಚಾರ್ಜು ಯಾರದು? ಈ ವರ್ಷ ಪಾಸಾಗುವ ತಂಗಿ ತಮ್ಮಂದಿರಿಗೆ ಯಾರಾದರೂ ಒಂದು ಮಧ್ಯಾಹ್ನ ಕೂರಿಸಿಕೊಂಡು ಇಷ್ಟನ್ನು ಹೇಳಿಕೊಟ್ಟರೆ ಚೆನ್ನ. ಕರೆದರೆ ನಾನೇ ಬರುತ್ತೇನೆ, ಬಸ್ ಚಾರ್ಜು ಕೊಡಬೇಕು!

ಶ್ರುತಿ ಪೆಟ್ಟಿಗೆ ಈಗ ಅರಸೀಕೆರೆಯಲ್ಲಿ ಅಮ್ಮನ ಹತ್ತಿರ ಇದೆ. ಶನಿವಾರದ ಭಜನೆಗೆ ಇಟ್ಟುಕೊಳ್ಳುತ್ತಾಳೆ. ಹೋದ ಸಲ ಊರಿಗೆ ಹೋದಾಗ ನನ್ನನ್ನೂ ಕೂರಿಸಿಕೊಂಡಳು. ಒಂದು ದೇವರನಾಮ ಹಾಡಿದೆ. ಮುಗಿದ ಮೇಲೆ ಅಮ್ಮ ನನ್ನ ಮುಖವನ್ನೇ ನೋಡಿ, "ಏನೇ, ದೇವರನ್ನ ಹಂಗೆ ಕಣ್ಣು ಬಿಟ್ಕೊಂಡು ನೋಡ್ತೀಯ, ಜಗಳಕ್ಕೆ ಬಂದೋಳ ಥರ," ಅಂದಳು.