ನಮ್ಮ ಬೋರ್ ನೀರು, ಸತ್ತೋದ ನಿಯಾನ್‌ಗಳು, ಉಳ್ಕೊಂಡ ಗಪ್ಪಿಗಳು

ಮಗಳ ಬರ್ತ್‌ಡೇಗೆ ಅಂತ ಅಕ್ವೇರಿಯಂ ತಂದ್ವಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ, ಹೆಚ್ಚೂಕಮ್ಮಿ 50 ಲೀಟರ್ ನೀರು ಹಿಡಿಯೋದು. ಅವತ್ತೇ ನೀರು ತುಂಬಿ ಅವತ್ತೇ ಮೀನೂ ಬಿಟ್ಬಿಟ್ವಿ. ಅಂಗಡಿಯವನು ಕೇಳಿದ್ದು ಒಂದೇ ಪ್ರಶ್ನೆ, "ಯಾವ್ ಕಲರ್ ಬೇಕು ಸಾರ್?" ಮಗಳು ಬೆರಳು ತೋರಿಸ್ತಾ ಹೋದ್ಲು, ಅವನು ಬಲೆ ಹಾಕಿ ಹಿಡಿದು ಕವರ್‌ಗೆ ತುಂಬ್ತಾ ಹೋದ. ಆರು ನಿಯಾನ್ ಟೆಟ್ರಾ, ನಾಲ್ಕು ಗಪ್ಪಿ, ಎರಡು ಟೈಗರ್ ಬಾರ್ಬ್, ಒಂದು ಗೋಲ್ಡ್‌ಫಿಶ್, ಮೇಲೆ "ಪಾಚಿ ಎಲ್ಲಾ ತಿಂದು ಕ್ಲೀನ್ ಮಾಡುತ್ತೆ" ಅಂತ ಒಂದು ಸಕ್ಕರ್. ತರಕಾರಿ ತಗೊಂಡಂಗೆ ತಗೊಂಡು ಬಂದ್ವಿ ನಾನೂ ಅವಳೂ.

ಮಾರನೇ ದಿನ ಬೆಳಿಗ್ಗೆ ನೋಡಿದ್ರೆ ಒಂದು ಗಪ್ಪಿಗೆ ಬಾಲಾನೇ ಇಲ್ಲ. ಬೀಸಣಿಗೆ ಥರ ಇದ್ದ ಬಾಲ ಹರಿದ ಬಟ್ಟೆ ಅಂಚಿನ ಥರ ಆಗೋಗಿತ್ತು, ಪಾಪ ಫಿಲ್ಟರ್ ಹಿಂದೆ ಸೇರ್ಕೊಂಡು ಆಚೇನೇ ಬರ್ತಿಲ್ಲ. ಟೈಗರ್ ಬಾರ್ಬ್‌ಗಳ ಕೆಲಸ ಅದು. ಆರೇಳು ಒಟ್ಟಿಗಿದ್ರೆ ಅವುಗಳ ಜಗಳ ಅವುಗಳಲ್ಲೇ ಮುಗಿಯುತ್ತೆ, ಎರಡೇ ಇದ್ರೆ ಉದ್ದ ಬಾಲ ಇರೋ ಯಾವುದನ್ನ ಕಂಡ್ರೂ ಹೋಗಿ ಕಚ್ಚೋದೇ. ಏಂಜಲ್ ಮೀನು ಜೊತೆಗೂ ಇವನ್ನ ಇಡಬಾರದು. ಇನ್ನು ಏಂಜಲ್ಲು, ಅಂಗಡೀಲಿ ರೂಪಾಯಿ ಬಿಲ್ಲೆ ಅಷ್ಟಿರುತ್ತೆ, ಅಂಗೈ ಅಗಲ ಬೆಳೆದ್ಮೇಲೆ ಚಿಕ್ಕ ನಿಯಾನ್‌ಗಳನ್ನೆಲ್ಲ ನುಂಗುತ್ತೆ. ಬಾಯಿಗೆ ಹಿಡಿಸೋದೆಲ್ಲ ಮೀನಿಗೆ ಊಟಾನೇ ಕಣ್ರಿ.

ನಾಲ್ಕೈದು ದಿನದೊಳಗೆ ಆರು ನಿಯಾನೂ ಹೋದ್ವು. ಆಮೇಲೆ ಗೊತ್ತಾಯ್ತು, ಹೊಸ ತೊಟ್ಟೀಲಿ ಮೀನಿನ ಹೇಲಿಂದ, ತಿನ್ನದೆ ಉಳಿದ ಊಟದಿಂದ ಅಮೋನಿಯಾ ಹುಟ್ಟುತ್ತೆ, ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಕೂರೋಕೆ ನಾಲ್ಕಾರು ವಾರ ಬೇಕು, ಅಲ್ಲೀವರೆಗೂ ಮೀನು ವಿಷದಲ್ಲೇ ಈಜ್ತಿರುತ್ತೆ. ಸರಿ ಅಂತ ಎರಡು ತಿಂಗಳು ತಡೆದು ಇನ್ನೊಂದ್ಸಲ ನಿಯಾನ್ ತಂದೆ. ಅವೂ ಹೋದ್ವು! ಆದ್ರೆ ಗಪ್ಪಿಗಳು ಮಾತ್ರ ಆರಾಮಾಗಿವೆ.

ಉತ್ತರ ಸಿಕ್ಕಿದ್ದು ಕುಡಿಯೋ ನೀರಿನ ಆರ್‌ಓ ಫಿಲ್ಟರ್ ಸರ್ವೀಸ್‌ಗೆ ಬಂದ ಹುಡುಗನಿಂದ. ನೀರಲ್ಲಿ ಕರಗಿರೋ ಉಪ್ಪು, ಖನಿಜ ಎಷ್ಟಿದೆ ಅಂತ ಅಳೆಯೋ ಅವನ ಟಿಡಿಎಸ್ ಮೀಟರ್ ತೊಟ್ಟಿಗೆ ಅದ್ದಿಸಿದೆ, 900ರ ಮೇಲೆ ತೋರಿಸ್ತು. ಕೋಲಾರದವರಿಗೆ ಇದೇನು ಹೊಸದಲ್ಲ ಬಿಡಿ, ಸಾವಿರ ಅಡಿ ಬೋರ್ ನೀರು, ಬಕೆಟ್ ಅಂಚಲ್ಲಿ, ನಲ್ಲಿ ಮೂತೀಲಿ ಬಿಳೀ ಪೊರೆ ಕಟ್ಟಿರುತ್ತೆ, ಸೋಪು ನೊರೆ ಬರಲ್ಲ, ಗೀಸರ್ ಕಾಯಿಲ್ ವರ್ಷಕ್ಕೊಂದು. ನಿಯಾನ್ ಬಂದಿದ್ದು ಅಮೆಜಾನ್ ಕಡೆಯಿಂದ, ಉಪ್ಪಿನಂಶ ತುಂಬಾ ಕಮ್ಮಿ ಇರೋ ಮೆದು ನೀರಿನ ಮೀನು. ಗಪ್ಪಿ, ಮೊಲಿ, ಪ್ಲಾಟಿ, ಸೋರ್ಡ್‌ಟೇಲ್, ಅಂದ್ರೆ ಮೊಟ್ಟೆ ಇಡದೆ ನೇರ ಮರಿ ಹಾಕೋ ಜಾತಿಗಳು, ಗಡಸು ನೀರನ್ನೇ ಇಷ್ಟಪಡ್ತವೆ. ನಾನು ಮೀನಿಗೆ ಮೀನು ಹೊಂದುತ್ತಾ ಅಂತ ತಲೆ ಕೆಡಿಸ್ಕೊಂಡಿದ್ದೆ, ಮೊದಲು ನೋಡ್ಬೇಕಿದ್ದಿದ್ದು ನಮ್ಮ ನಲ್ಲಿಗೆ ಹೊಂದುತ್ತಾ ಅಂತ. ಆರ್‌ಓ ನೀರೇ ತುಂಬೋಣ ಅಂದ್ಕೋಬೇಡಿ, ಬರೀ ಆರ್‌ಓಲಿ ಮೀನಿಗೆ ಬೇಕಾದ ಖನಿಜಾನೂ ಇರಲ್ಲ, ವಾರವಾರ ಕಾಲುಭಾಗ ನೀರು ಬದಲಾಯಿಸ್ಬೇಕಾದಾಗ ಅದು ನಡೆಯೋ ಮಾತೂ ಅಲ್ಲ. ಅಂದಂಗೆ ಅಂಗಡಿಯವನು ಆಂಟಿ ಕ್ಲೋರಿನ್ ಬಾಟಲಿ ಬೇರೆ ಕಟ್ಟಿದ್ದ, ನಮ್ಮನೆ ಸ್ವಂತ ಬೋರು, ಅದರಲ್ಲಿ ಕ್ಲೋರಿನ್ ಎಲ್ಲಿಂದ ಬರ್ಬೇಕು?

ಗೋಲ್ಡ್‌ಫಿಶ್ ವಾಪಸ್ ಕೊಟ್ಟೆ. ಅದು ತಣ್ಣೀರಿನ ಮೀನು, ಗಲೀಜೂ ಜಾಸ್ತಿ, ಇಷ್ಟು ಚಿಕ್ಕ ತೊಟ್ಟಿ ಸಾಲಲ್ಲ. ಟೈಗರ್ ಬಾರ್ಬೂ ಅದರ ಜೊತೆಗೇ ಹೋಯ್ತು. ಸಕ್ಕರ್ ಒಂದಡಿಗಿಂತ ಉದ್ದ ಬೆಳೆಯುತ್ತೆ ಅಂತ ಗೊತ್ತಾಗಿದ್ದೇ ಪಕ್ಕದ ಮನೆಯವರು "ಕೆರೆಗೆ ಬಿಟ್ಬಿಡಿ" ಅಂದ್ರು. ಖಂಡಿತ ಬಿಡಬೇಡಿ, ಅದು ನಮ್ಮ ಕೆರೆ ಮೀನಲ್ಲ, ಕೆರೇಲಿ ಸೇರ್ಕೊಂಡ್ರೆ ಅಲ್ಲಿರೋ ಮೀನುಗಳ ಪಾಡು ಮುಗೀತು. ಅದನ್ನೂ ಅಂಗಡಿಗೇ ಕೊಟ್ಟೆ, ಒಂದು ಪೈಸೆ ವಾಪಸ್ ಬರ್ಲಿಲ್ಲ.

ಈಗ ತೊಟ್ಟೀಲಿ ಗಪ್ಪಿ, ಮೂರು ಪ್ಲಾಟಿ, ಆರು ಜೀಬ್ರಾ ಡೇನಿಯೋ ಇವೆ. ಡೇನಿಯೋ ನಮ್ಮ ದೇಶದ್ದೇ ಮೀನು, ಗಟ್ಟಿ ಪ್ರಾಣಿ, ಚಳಿ ತಡಿಯುತ್ತೆ, ಆದ್ರೆ ಗುಂಪಲ್ಲೇ ಇರ್ಬೇಕು. ಮಿಕ್ಕವಕ್ಕೆ ಡಿಸೆಂಬರ್ ಜನವರೀಲಿ ಹೀಟರ್ ಹಾಕ್ತೀನಿ. ಗಪ್ಪಿ ಮರಿ ಬೇಡ ಅಂತ ಆಮೇಲೆ ಬರೀ ಹೆಣ್ಣೇ ತಂದೆ, ಗಂಡನ್ನೆಲ್ಲ ಸ್ನೇಹಿತನಿಗೆ ಕೊಟ್ಟೆ. ನನ್ನ ಬುದ್ಧಿವಂತಿಕೆ ನೋಡಿ, ಹೆಣ್ಣು ಗಪ್ಪಿ ಒಂದ್ಸಲ ಕೂಡಿದ್ರೆ ತಿಂಗಳುಗಟ್ಟಲೆ ವೀರ್ಯ ಇಟ್ಕೊಂಡಿರುತ್ತಂತೆ. ತಿಂಗಳಿಗೊಂದು ಹೆರಿಗೆ ನಡೀತಾನೇ ಇದೆ.

ಮರಿಗಳನ್ನ ಏನ್ಮಾಡೋದು ಅಂತ ಯೋಚಿಸ್ತಿದ್ದಾಗ ಅಮ್ಮ ತೊಟ್ಟಿ ಹತ್ರ ಬಗ್ಗಿ ನೋಡಿ ನಕ್ಕಳು. ಅವಳ ತೌರು ಬಂಗಾರಪೇಟೆ ತಾಲ್ಲೂಕು ಕಾಮಸಮುದ್ರದ ಕಡೆ. 90ರ ದಶಕದಲ್ಲಿ ಮಲೇರಿಯಾ ತಡೆಯೋಕೆ ಆ ಕಡೆ ಹಳ್ಳಿಗಳ ಬಾವಿಗೆ ಸೊಳ್ಳೆಮರಿ ತಿನ್ನೋ ಮೀನು ಬಿಟ್ಟಿದ್ರು, ಅದರಲ್ಲಿ ಗಪ್ಪೀನೂ ಇತ್ತು. "ಅಯ್ಯೋ, ನಮ್ಮೂರ ಬಾವಿ ಮೀನಿಗೆ ದುಡ್ಡು ಕೊಟ್ಟು ತಂದ್ಯಾ?" ಅಂದ್ಲು. ಈಗ ಮರಿಗಳು ಹಿತ್ತಲಿನ ಸಿಮೆಂಟ್ ತೊಟ್ಟೀಲಿವೆ, ಮಗಳು ಊಟ ಹಾಕ್ತೀನಿ ಅಂದ್ರೆ ಅಮ್ಮ ಬಿಡಲ್ಲ, "ಹೊಟ್ಟೆ ತುಂಬಿದ್ರೆ ಸೊಳ್ಳೆಮರಿ ಯಾರ್ ತಿಂತಾರೆ?" ಅಂತಾಳೆ.