ಪೆಟ್ಟಾಗಿ ಎಷ್ಟು ದಿನ ಆಯ್ತು?

ಜೂನ್ 14, 2025, ಶನಿವಾರ ರಾತ್ರಿ

ಬೆಳಿಗ್ಗೆ ಆ ಸ್ಟೆಮ್ ಸೆಲ್ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಕ್ಲಿನಿಕ್‌ನವರು ಮತ್ತೆ ಫೋನ್ ಮಾಡಿದ್ದರು. ತಮ್ಮ ಸ್ಪೀಕರ್ ಹಾಕಿದ. ಮೂರು ಇಂಜೆಕ್ಷನ್ ಅಂತೆ, ದುಡ್ಡು ಮೊದಲೇ ಕಟ್ಟಬೇಕಂತೆ. ‘ಕಾಲಿಗೆ ಶಕ್ತಿ ಬರುತ್ತಾ?’ ಅಂತ ಕೇಳಿದ. ‘ತುಂಬಾ ಜನಕ್ಕೆ ಬಂದಿದೆ’ ಅಂದರು. ಅಷ್ಟು ಹೊತ್ತು ಮಾತಾಡಿದರಲ್ಲ, ಪೆಟ್ಟಾಗಿ ಎಷ್ಟು ದಿನ ಆಯ್ತು ಅಂತ ಒಮ್ಮೆಯೂ ಕೇಳಲಿಲ್ಲ.

ತಮ್ಮನ ಬೆನ್ನುಹುರಿಗೆ ಪೆಟ್ಟಾಗಿ ನಾಲ್ಕು ವರ್ಷ ಆಯ್ತು.

ಇಂಥ ಪೆಟ್ಟಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಪರೀಕ್ಷಿಸಿದ ಜಪಾನಿನ ಕೆಯೊ ವಿಶ್ವವಿದ್ಯಾಲಯದವರು ಮೊದಲು ನೋಡಿದ್ದೇ ಪೆಟ್ಟಾಗಿ ಎಷ್ಟು ದಿನ ಆಯ್ತು ಅನ್ನೋದನ್ನು. ಅವರು ಐಪಿಎಸ್ ಕೋಶಗಳಿಂದ (ಬೆಳೆದ ಕೋಶವನ್ನೇ ಮತ್ತೆ ಮೂಲಕೋಶದ ಸ್ಥಿತಿಗೆ ತಂದವು) ಎಳೆಯ ನರಕೋಶ ಬೆಳೆಸಿ, ಒಬ್ಬೊಬ್ಬರ ಬೆನ್ನುಹುರಿಗೆ 20 ಲಕ್ಷ ಕೋಶ ಹಾಕಿದರು. ಒಟ್ಟು ನಾಲ್ಕೇ ಜನ. ಎಲ್ಲರಿಗೂ ಪೆಟ್ಟು ಬಿದ್ದ 14ರಿಂದ 28 ದಿನದೊಳಗೆ. ಮೊದಲ ಆಪರೇಷನ್ ಆಗಿದ್ದು 2021ರ ಡಿಸೆಂಬರ್‌ನಲ್ಲಿ. ಈ ವರ್ಷ ಮಾರ್ಚ್‌ನಲ್ಲಿ ಫಲಿತಾಂಶ ಹೇಳಿದರು. ಒಬ್ಬರು ಆಸರೆಯಿಲ್ಲದೆ ನಿಲ್ಲುತ್ತಾರೆ, ಇನ್ನೊಬ್ಬರು ಕೈಕಾಲು ಆಡಿಸುತ್ತಾರೆ. ಉಳಿದಿಬ್ಬರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಅದನ್ನೂ ಮುಚ್ಚಿಡದೆ ಹೇಳಿದರು ನೋಡಿ, ನನಗೆ ನಂಬಿಕೆ ಬಂದಿದ್ದೇ ಅಲ್ಲಿ. ಹೊಸ ಪೆಟ್ಟಿನಲ್ಲಿ ಸ್ವಲ್ಪ ಚೇತರಿಕೆ ತಾನಾಗಿಯೂ ಆಗುತ್ತದೆ, ಹಾಗಾಗಿ ನಾಲ್ಕು ಜನರನ್ನು ನೋಡಿ ಗೆದ್ದೆವು ಅನ್ನೋಕಾಗಲ್ಲ.

ದಿನದ ಲೆಕ್ಕ ಯಾಕೆ ಅಂದರೆ, ಪೆಟ್ಟು ಬಿದ್ದ ಹೊಸದರಲ್ಲಿ ಊತ ಜಾಸ್ತಿ, ಹಾಕಿದ ಕೋಶ ಬದುಕೋದೇ ಕಷ್ಟ. ತಿಂಗಳುಗಟ್ಟಲೆ ಬಿಟ್ಟರೆ ಗಾಯದ ಸುತ್ತ ಕಲೆ ಗಟ್ಟಿಯಾಗುತ್ತದೆ, ನಡುವೆ ನೀರು ತುಂಬಿದ ಪೊಳ್ಳು ಉಳಿಯುತ್ತದೆ. ನರದ ಎಳೆ ಅದನ್ನು ದಾಟಿ ಬೆಳೆಯಲ್ಲ. ತಮ್ಮನದು ಈಗ ಆ ಸ್ಥಿತಿ.

ಸುಮ್ನೆ ಒಂದು ಸಲ ಹಾಕಿಸಿ ನೋಡೋಣ ಅನ್ನೋಕೂ ನನಗೆ ಭಯ. ಹೀಗೇ ಕಾಲಿಗೆ ಶಕ್ತಿ ಬರಲಿ ಅಂತ ಮೂಗಿನ ಒಳಪದರದ ಕೋಶಗಳನ್ನು ಬೆನ್ನುಹುರಿಗೆ ಹಾಕಿಸಿಕೊಂಡ ಒಬ್ಬ ಹೆಂಗಸಿಗೆ ಎಂಟು ವರ್ಷದ ಮೇಲೆ ಅಲ್ಲೇ ಗಡ್ಡೆ ಬೆಳೆದಿತ್ತು. ತೆಗೆದು ನೋಡಿದರೆ ಒಳಗೆ ಸಿಂಬಳದಂಥ ಲೋಳೆ. 2014ರಲ್ಲಿ ವೈದ್ಯರೇ ವರದಿ ಮಾಡಿದ್ದಾರೆ.

ಸಂಜೆ ಅವನೇ ಹತ್ತಿ ತರಿಸಿದ. ಕಣ್ಣು ಮುಚ್ಚಿ ಮಲಗಿದ. ನಾನು ಎದೆಯಿಂದ ಕೆಳಗೆ ಮೆಲ್ಲಗೆ ಮುಟ್ಟುತ್ತಾ ಬಂದೆ. ‘ಹೂಂ, ಹೂಂ’ ಅನ್ನುತ್ತಿದ್ದವನು ಹೊಕ್ಕುಳಿಂದ ಎರಡು ಬೆರಳು ಕೆಳಗೆ ಸುಮ್ಮನಾದ. ಹೋದ ವರ್ಷವೂ ಅಲ್ಲೇ ನಿಂತಿತ್ತು. ‘ಆಯ್ತಾ ಅಕ್ಕಾ?’ ಅಂದ. ನನ್ನ ಕೈ ಆಗ ಅವನ ತೊಡೆಯ ಮೇಲಿತ್ತು.

ರಾತ್ರಿ ಊಟ ಆದಮೇಲೆ ಕ್ಲಿನಿಕ್‌ಗೆ ಅವನೇ ಮೆಸೇಜ್ ಮಾಡಿದ. ‘ಪೆಟ್ಟಾಗಿ ನಾಲ್ಕು ವರ್ಷ ಆಯ್ತು. ಇಷ್ಟು ಹಳೇ ಗಾಯಕ್ಕೆ ಮಾಡಿದ್ದರೆ, ಗುಣವಾಗದವರ ಲೆಕ್ಕವನ್ನೂ ಸೇರಿಸಿ ವರದಿ ಕಳಿಸಿ.’ ಅವರು ನೋಡಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.