ಇಲ್ಲ, ನಾನು ಸಿನಿಮಾ ಮಾಡುವುದಿಲ್ಲ

"ಇಷ್ಟೆಲ್ಲ ಓಡಾಡ್ತೀರಿ, ನೀವೇ ಒಂದು ಸಿನಿಮಾ ಮಾಡಬಾರದಾ?"

ಗೋಣಿಕೊಪ್ಪದ ಮದುವೆ ಊಟದಲ್ಲಿ, ಬಾಯಲ್ಲಿ ಕಡಂಬುಟ್ಟು ಇರುವಾಗಲೇ ಕೇಳಿದ್ದಾರೆ. ವಿರಾಜಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ. ಒಮ್ಮೆ ಸಾವಿನ ಮನೆಯಲ್ಲೂ. ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಇಲ್ಲ. ಮಾಡುವುದಿಲ್ಲ. ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ. ಹೀರೋ, ಹಾಡು, ಕೆಲವು ಸಲ ಕಥೆಯೂ ಇಲ್ಲದ ಪ್ರಯೋಗದ ಸಿನಿಮಾಗಳನ್ನು ಹುಡುಕಿ ತಂದು ಇಲ್ಲಿ ತೋರಿಸುತ್ತೇನೆ. ಚಿತ್ರ ಬರೆಯುವ ಹುಡುಗರಿಗೆ ನೇತುಹಾಕಲು ಗೋಡೆ ಹುಡುಕಿಕೊಡುತ್ತೇನೆ. ಅಷ್ಟೇ.

ಆ "ನೀವೇ" ಇದೆಯಲ್ಲ, ಮೈ ಉರಿಯುವುದು ಅದಕ್ಕೆ. ಮದುವೆ ಬ್ರೋಕರ್ ಹತ್ತಿರ ಹೋಗಿ "ನೀವೇ ಆಗಬಾರದಾ" ಅಂತ ಯಾರಾದರೂ ಕೇಳ್ತಾರಾ?

ನ್ಯೂಯಾರ್ಕಿನಲ್ಲಿ ಏಮೋಸ್ ವೋಗೆಲ್ ಅಂತ ಒಬ್ಬರಿದ್ದರು. 1947ರಲ್ಲಿ ಹೆಂಡತಿ ಮಾರ್ಸಿಯಾ ಜೊತೆ ಸೇರಿ 'ಸಿನಿಮಾ 16' ಅನ್ನುವ ಫಿಲ್ಮ್ ಸೊಸೈಟಿ ಶುರು ಮಾಡಿದರು. ಸೆನ್ಸಾರ್ ಕಾಟ ತಪ್ಪಿಸಲು ಸದಸ್ಯರಿಗೆ ಮಾತ್ರ ಅಂತ ಮಾಡಿಕೊಂಡು 1963ರವರೆಗೆ ನಡೆಸಿದರು. ಅವರ ಹೆಸರು ಉಳಿದದ್ದು ತೋರಿಸಿದ್ದಕ್ಕೆ. ಇದನ್ನು ಹೇಳಿದರೆ "ಅದು ಅಮೆರಿಕ ಅಣ್ಣ" ಅಂತಾರೆ. ಸರಿ, ಇಲ್ಲಿಯದೇ ಕೇಳಿ.

ಜುಲೈ ತಿಂಗಳು. ವಿರಾಜಪೇಟೆ ಹತ್ತಿರ ಒಂದು ಹಾಲ್, ಮೇಲೆ ಜಿಂಕ್ ಶೀಟು. ನಮ್ಮ ಮಳೆಗೆ ಶೀಟಿನ ಕೆಳಗೆ ಕೂತರೆ ಪಕ್ಕದವರ ಮಾತೂ ಕೇಳುವುದಿಲ್ಲ. ಡೈಲಾಗ್ ಇರುವ ಸಿನಿಮಾ ಹಾಕಿದರೆ ದಂಡ. ಅದಕ್ಕೇ ಮಾಯಾ ಡೆರೆನ್ ಮತ್ತು ಅಲೆಕ್ಸಾಂಡರ್ ಹಮ್ಮಿದ್ 1943ರಲ್ಲಿ ತೆಗೆದ 'ಮೆಶಸ್ ಆಫ್ ದಿ ಆಫ್ಟರ್‌ನೂನ್' ಆರಿಸಿದೆ. 14 ನಿಮಿಷ, ಒಂದು ಮಾತಿಲ್ಲ. ಸಂಗೀತ ಸೇರಿದ್ದೇ 1959ರಲ್ಲಿ. ಅದನ್ನೂ ಮ್ಯೂಟ್ ಮಾಡಿದೆ. ಪರದೆ ಮೇಲೆ ಕೀಲಿಕೈ, ಚಾಕು, ಮುಖ ಇರಬೇಕಾದಲ್ಲಿ ಕನ್ನಡಿ ಇರುವ ಕರಿ ನಿಲುವಂಗಿಯ ಆಕೃತಿ. ಮೇಲೆ ಧೋ ಅಂತ ಮಳೆ. ಅರ್ಧದಲ್ಲಿ ಕರೆಂಟ್ ಹೋಯಿತು. ಎಸ್ಟೇಟಿನಿಂದ ಬೇಡಿ ತಂದ ಜನರೇಟರೂ ಕೈಕೊಟ್ಟಿತು. ಇಪ್ಪತ್ತು ನಿಮಿಷ ಕತ್ತಲು, ಒಬ್ಬರೂ ಏಳಲಿಲ್ಲ. (ಆ ಮಳೆಯಲ್ಲಿ ಎಲ್ಲಿಗೆ ಹೋಗ್ತಾರೆ ಅಂದಳು ಹೆಂಡತಿ. ಇರಲಿ.) ಕರೆಂಟ್ ಬಂದಾಗ ಹಿಂದಿನ ಸಾಲಿನ ಅಜ್ಜ ಹೇಳಿದರು: "ಮೊದಲಿಂದ ಹಾಕು ಮಗ."

ಈ ಸಿನಿಮಾನೇ ಯಾಕೆ, ಈ ತಿಂಗಳೇ ಯಾಕೆ ಅಂತ ಯಾರಾದರೂ ಕೇಳಿ ನೋಡಿ. ಕಾಫಿ ಕುಡಿಸಿ ಒಂದು ಗಂಟೆ ಹೇಳುತ್ತೇನೆ. ಜನವರಿಯಲ್ಲಿ ಯಾಕೆ ಶೋ ಇಡುವುದಿಲ್ಲ ಅಂತಲೂ ಹೇಳುತ್ತೇನೆ. ಆಗ ಕಾಫಿ ಕುಯ್ಲು, ಇಡೀ ದಿನ ತೋಟದಲ್ಲಿ ನಿಂತವರು ಸಂಜೆ ಕತ್ತಲ ಹಾಲಿನಲ್ಲಿ ಕೂತರೆ ಗೊರಕೆಯೇ ಸೌಂಡ್‌ಟ್ರ್ಯಾಕ್.

ಆ ರಾತ್ರಿ ನಿಜವಾಗಿ ನನ್ನ ಕೆಲಸದ ಬಗ್ಗೆ ಕೇಳಿದವನು ಶಾಮಿಯಾನದ ಹುಡುಗ ಒಬ್ಬನೇ. ತಂದದ್ದು 50 ಕುರ್ಚಿ. ಬಂದ ಜನ 13. ವಾಪಸ್ ಎಣಿಸಿದರೆ 49.

"ಇನ್ನೊಂದು ಎಲ್ಲಿ ಅಣ್ಣ?"

ನನಗೂ ಗೊತ್ತಿಲ್ಲ ಮಾರಾಯ.